ಯಾರೂ ಬೇಡ ಅನ್ನಲಿಲ್ಲ, ಯಾರೂ ಬಾ ಅನ್ನಲಿಲ್ಲ

ಹಾಲ್‌ಗೆ ಬರುವಾಗ ಬಾಗಿಲ ಹತ್ತಿರ ಒಬ್ಬರು ನಿಲ್ಲಿಸಿ ಕೇಳಿದರು: "ಫುಟ್‌ಬಾಲ್ ಅಂತ ಹಾಕಿದ್ದೀರಲ್ಲ, ಯಾವ ಕ್ಲಬ್ಬು ಸಾರ್, ಬಾರ್ಸಿಲೋನಾನಾ?" ಆ ಗೊಂದಲವನ್ನು ಮೊದಲೇ ಮುಗಿಸಿಬಿಡೋಣ. ನಾನು ಹೇಳಹೊರಟಿರುವುದು ಅಮೆರಿಕದವರ ಫುಟ್‌ಬಾಲ್ ಬಗ್ಗೆ. ಹೆಸರಿನಲ್ಲಿ ಕಾಲಿದೆ, ಆಟವೆಲ್ಲ ಹೆಚ್ಚುಕಮ್ಮಿ ಕೈಯಲ್ಲಿ. ತಲೆಗೆ ಹೆಲ್ಮೆಟ್, ಭುಜಕ್ಕೆ ದಪ್ಪ ಪ್ಯಾಡು, ಎರಡೂ ತುದಿ ಚೂಪಾದ ಚೆಂಡು. ನಿಯಮಗಳನ್ನೆಲ್ಲ ಹೇಳುತ್ತಾ ಕೂತರೆ ನೀವು ಕಾಫಿಗೆ ಎದ್ದು ಹೋಗುತ್ತೀರಿ. ಒಂದೇ ಒಂದು ಪದ ನೆನಪಿಟ್ಟುಕೊಳ್ಳಿ: ಕ್ವಾರ್ಟರ್‌ಬ್ಯಾಕ್. ಚೆಂಡು ಕೈಗೆ ಬಂದ ಎರಡು ಮೂರು ಸೆಕೆಂಡಿನಲ್ಲಿ, ದೈತ್ಯರಂಥ ನಾಲ್ಕು ಜನ ಬಂದು ಮೈಮೇಲೆ ಬೀಳುವ ಮೊದಲು, ಚೆಂಡನ್ನು ಯಾರಿಗೆ ಎಸೆಯಬೇಕು ಅಂತ ತೀರ್ಮಾನ ಮಾಡುವವನು. ಕ್ರಿಕೆಟ್ ಕ್ಯಾಪ್ಟನ್ನು, ಕಬಡ್ಡಿ ರೈಡರು, ಇಬ್ಬರನ್ನೂ ಒಂದೇ ಮೈಯಲ್ಲಿ ತುಂಬಿದ ಹಾಗೆ.

ಕಾಲಿನ್ ಕ್ಯಾಪರ್ನಿಕ್ ಅಂಥ ಒಬ್ಬ ಕ್ವಾರ್ಟರ್‌ಬ್ಯಾಕ್. ನಾನು "ಅವನು" ಅಂತಲೇ ಹೇಳುತ್ತೇನೆ, ಅಗೌರವ ಅಂದುಕೊಳ್ಳಬೇಡಿ. ಸಚಿನ್ ಔಟಾದ ಅಂತೀವೇ ಹೊರತು ಔಟಾದರು ಅನ್ನೋದಿಲ್ಲ, ಅಲ್ವಾ?

ಇವನು ಆಡಿದ ಕಾಲದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆದರೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ "ಅವನೇನು ಅಂಥಾ ಆಟಗಾರನಲ್ಲ ಬಿಡಿ" ಎನ್ನುವ ಮಾತು ಮುಂದೆ ಬರುತ್ತದೆ. ಹುಟ್ಟಿದ್ದು 1987ರಲ್ಲಿ, ವಿಸ್ಕಾನ್ಸಿನ್‌ನ ಮಿಲ್‌ವಾಕಿಯಲ್ಲಿ. ಕಪ್ಪು ಮಗು, ದತ್ತು ತೆಗೆದುಕೊಂಡದ್ದು ಬಿಳಿಯ ದಂಪತಿ. ಬೆಳೆದದ್ದು ಕ್ಯಾಲಿಫೋರ್ನಿಯಾದ ಟರ್ಲಾಕ್ ಎಂಬ ಊರಿನಲ್ಲಿ. 2011ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿ ನೈನರ್ಸ್ ತಂಡ ಆರಿಸಿಕೊಂಡಿತು. 2012ರ ನವೆಂಬರ್‌ನಲ್ಲಿ ತಂಡದ ಮುಖ್ಯ ಕ್ವಾರ್ಟರ್‌ಬ್ಯಾಕ್ ಅಲೆಕ್ಸ್ ಸ್ಮಿತ್ ತಲೆಗೆ ಪೆಟ್ಟು ತಿಂದ. ಬೆಂಚಿನಲ್ಲಿದ್ದ ಈ ಹುಡುಗ ಒಳಗೆ ಬಂದ. ಮುಂದಿನ ಜನವರಿಯಲ್ಲಿ ಗ್ರೀನ್ ಬೇ ತಂಡದ ಮೇಲೆ ಬರೀ ಓಡಿಯೇ 181 ಗಜ ಗಳಿಸಿದ. ಕ್ವಾರ್ಟರ್‌ಬ್ಯಾಕ್ ಒಬ್ಬ ಒಂದೇ ಪಂದ್ಯದಲ್ಲಿ ಅಷ್ಟು ಓಡಿದ್ದು ಅದುವರೆಗೆ ಇರಲಿಲ್ಲ. 2013ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಫೈನಲ್. ಪಂದ್ಯದ ನಡುವೆ ಸ್ಟೇಡಿಯಂನ ಕರೆಂಟು ಹೋಗಿ ಅರ್ಧ ಗಂಟೆಗೂ ಜಾಸ್ತಿ ಆಟ ನಿಂತಿತ್ತು. ಕರೆಂಟ್ ಹೋಗುವುದು ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದೆ. ಬಾಲ್ಟಿಮೋರ್ ರೇವನ್ಸ್ 34, ಇವನ ತಂಡ 31. ಸೋತರು. ಗೆಲ್ಲಲು ಬೇಕಿದ್ದದ್ದು ಇನ್ನೊಂದು ಐದು ಗಜ.

2014ರಲ್ಲಿ ದೊಡ್ಡ ಕರಾರು. ಆರು ವರ್ಷಕ್ಕೆ 12.6 ಕೋಟಿ ಡಾಲರ್‌ವರೆಗೆ. ಅಲ್ಲಿನ ಕರಾರುಗಳಲ್ಲಿ ಆ "ವರೆಗೆ" ಎನ್ನುವ ಪದಕ್ಕೇ ತೂಕ ಜಾಸ್ತಿ. ಖಾತ್ರಿಯಾಗಿ ಕೈಗೆ ಬರುವ ದುಡ್ಡು ಅದಕ್ಕಿಂತ ಬಹಳ ಕಮ್ಮಿ. 2015ರಲ್ಲಿ ಆಟ ಇಳಿಯಿತು, ಭುಜಕ್ಕೆ ಗಾಯವಾಯಿತು, ಮತ್ತೆ ಬೆಂಚು. ಇದು ನಿಜ, ಮುಚ್ಚಿಡುವಂಥದ್ದೇನಿಲ್ಲ.

ಈಗ 2016ರ ಆಗಸ್ಟ್. ಅಮೆರಿಕದಲ್ಲಿ ಒಂದು ಪದ್ಧತಿ ಇದೆ. ದೇಶದೇಶಗಳ ನಡುವಿನ ಪಂದ್ಯ ಆಗಬೇಕಿಲ್ಲ, ಊರೂರ ನಡುವಿನ ಲೀಗ್ ಪಂದ್ಯಕ್ಕೂ ರಾಷ್ಟ್ರಗೀತೆ ಹಾಡುತ್ತಾರೆ. ಎಲ್ಲರೂ ಎದ್ದು ನಿಲ್ಲುತ್ತಾರೆ. ಇವನು ಕೂತ. ಪೊಲೀಸರ ಕೈಯಲ್ಲಿ ಕಪ್ಪು ಜನ ಸಾಯುತ್ತಿದ್ದಾರೆ, ಅಂಥ ದೇಶದ ಬಾವುಟಕ್ಕೆ ಹೆಮ್ಮೆಯಿಂದ ಎದ್ದು ನಿಲ್ಲಲಾರೆ ಅನ್ನುವುದು ಅವನ ಮಾತು. ತಮಾಷೆ ನೋಡಿ, ಸೀಸನ್‌ಗೆ ಮುಂಚಿನ ಮೊದಲ ಎರಡು ಪಂದ್ಯಗಳಲ್ಲಿ ಕೂತಿದ್ದನ್ನು ಯಾರೂ ಗಮನಿಸಲೇ ಇಲ್ಲ. ಆಗಸ್ಟ್ 26ರ ಮೂರನೇ ಪಂದ್ಯದಲ್ಲಿ ಕಣ್ಣಿಗೆ ಬಿತ್ತು. ಮಾರನೇ ದಿನ ದೇಶವೆಲ್ಲ ಅದೇ ಮಾತು.

ಆಮೇಲೆ ನೇಟ್ ಬೋಯರ್ ಎಂಬ ಮಾಜಿ ಸೈನಿಕ ಅವನನ್ನು ಭೇಟಿಯಾದ. ಅವನೂ ಸ್ವಲ್ಪ ಕಾಲ ಫುಟ್‌ಬಾಲ್ ಆಡಿದವನು. ಕೂರುವುದು ನನ್ನಂಥವರಿಗೆ ನೋವಾಗುತ್ತದೆ, ಅದರ ಬದಲು ಮಂಡಿಯೂರು, ಸತ್ತ ಜೊತೆಗಾರನ ಸಮಾಧಿ ಮುಂದೆ ನಾವು ಮಂಡಿಯೂರುತ್ತೇವಲ್ಲ, ಹಾಗೆ ಎಂದ. ಸೆಪ್ಟೆಂಬರ್ 1ರಂದು ಸ್ಯಾನ್ ಡಿಯಾಗೋದಲ್ಲಿ ಕ್ಯಾಪರ್ನಿಕ್ ಒಂದು ಮಂಡಿ ಊರಿದ. ಪಕ್ಕದಲ್ಲಿ ಗೆಳೆಯ ಎರಿಕ್ ರೀಡ್. ಜಗತ್ತೆಲ್ಲ ನೋಡಿದ ಆ ಭಂಗಿ ಒಬ್ಬ ಸೈನಿಕ ಹೇಳಿಕೊಟ್ಟದ್ದು. ಆದರೂ ಸೈನಿಕರಿಗೆ ಅವಮಾನ ಎಂದೇ ಅದು ಹೆಸರಾಯಿತು.

ಅವನು ಎಡವಲೇ ಇಲ್ಲ ಅಂತಲ್ಲ. ಪೊಲೀಸ್ ಟೋಪಿ ಹಾಕಿದ ಹಂದಿಗಳ ಚಿತ್ರವಿದ್ದ ಕಾಲುಚೀಲ ಹಾಕಿಕೊಂಡು ಅಭ್ಯಾಸಕ್ಕೆ ಹೋಗಿದ್ದ. ಅದು ನನಗೆ ಹಿಡಿಸುವುದಿಲ್ಲ. ಹೇಳಬೇಕಾದ ಗಂಭೀರ ಮಾತು ಇರುವವನು ಕಾಲುಚೀಲದಲ್ಲಿ ಹೇಳಬಾರದು. ಆದರೆ ಅದೇ ಹೊತ್ತಿಗೆ 10 ಲಕ್ಷ ಡಾಲರ್ ದಾನ ಮಾಡುತ್ತೇನೆ ಎಂದು ಹೇಳಿ, ಹೇಳಿದಂತೆ ಕೊಟ್ಟು ಮುಗಿಸಿದ. ಕಾಲುಚೀಲ ಎಲ್ಲರಿಗೂ ನೆನಪಿದೆ, ದಾನ ಕೆಲವರಿಗೆ.

ಒಂದು ಸಣ್ಣ ತಿರುವು ತಗೊಳ್ಳುತ್ತೇನೆ. ಅದೇ 2016, ನವೆಂಬರ್ 30. ಸಿನಿಮಾ ಮಂದಿರಗಳಲ್ಲಿ ಚಿತ್ರಕ್ಕೆ ಮುಂಚೆ ರಾಷ್ಟ್ರಗೀತೆ ಹಾಕಬೇಕು, ಎಲ್ಲರೂ ಎದ್ದು ನಿಲ್ಲಬೇಕು ಅಂತ ನಮ್ಮ ಸುಪ್ರೀಂ ಕೋರ್ಟ್ ಆದೇಶ ಕೊಟ್ಟಿತು. 2018ರ ಜನವರಿಯಲ್ಲಿ ಅದೇ ಕೋರ್ಟು, ಹಾಕಲೇಬೇಕು ಅಂತೇನಿಲ್ಲ ಎಂದಿತು. ಆ ಹದಿಮೂರು ತಿಂಗಳು ನಿಮಗೆ ನೆನಪಿರಬೇಕು. ಪಾಪ್‌ಕಾರ್ನ್ ಡಬ್ಬಿ ಕೈಯಲ್ಲಿ ಹಿಡಿದು ಎದ್ದು ನಿಂತು, ಪಕ್ಕದವನು ಎದ್ದಿದ್ದಾನಾ ಅಂತ ವಾರೆಗಣ್ಣಿನಲ್ಲಿ ನೋಡುತ್ತಿದ್ದೆವು. ನಾನೂ ನೋಡಿದ್ದೇನೆ. ಅಮೆರಿಕದ್ದು ನಮಗೆ ಅರ್ಥವಾಗದ ಜಗಳವೇನಲ್ಲ ಅನ್ನುವುದಕ್ಕೆ ಇದನ್ನು ಹೇಳಿದೆ.

ಸರಿ, ಮತ್ತೆ ಅಲ್ಲಿಗೆ. ಆ ಸೀಸನ್‌ನಲ್ಲಿ ಅವನು 11 ಪಂದ್ಯ ಶುರು ಮಾಡಿದ, ತಂಡ ಗೆದ್ದದ್ದು ಒಂದೇ ಒಂದು. ಈ ಅಂಕಿಯನ್ನು ಎಲ್ಲರೂ ಹೇಳುತ್ತಾರೆ. ಇನ್ನೊಂದನ್ನು ಹೇಳುವುದಿಲ್ಲ. ಟಚ್‌ಡೌನ್ ಎಸೆತ, ಅಂದರೆ ತಂಡಕ್ಕೆ ಅಂಕ ತಂದ ಎಸೆತ, 16; ಎದುರಾಳಿ ಕೈಗೆ ಹೋದದ್ದು ಬರೀ 4. ಲೀಗ್‌ನಲ್ಲೇ ಅತಿ ಹೆಚ್ಚು ಅಂಕ ಬಿಟ್ಟುಕೊಟ್ಟ ರಕ್ಷಣೆ ಇದ್ದ ತಂಡದಲ್ಲಿ ನಿಂತು ಮಾಡಿದ್ದು. ಅದ್ಭುತವಲ್ಲ, ಒಪ್ಪುತ್ತೇನೆ. ಕೆಲಸ ಕಳೆದುಕೊಳ್ಳುವಷ್ಟು ಕಳಪೆಯೂ ಅಲ್ಲ. 2017ರ ಮಾರ್ಚ್‌ನಲ್ಲಿ ಕರಾರಿನಿಂದ ಅವನೇ ಹೊರಬಂದ. "ತಾನಾಗಿಯೇ ಬಿಟ್ಟುಹೋದವನಿಗೆ ಯಾಕೆ ಅನುಕಂಪ" ಎಂದು ಈಗಲೂ ಕೇಳುವವರಿದ್ದಾರೆ. ಬಿಡದಿದ್ದರೆ ತೆಗೆದುಹಾಕುತ್ತಿದ್ದೆವು ಎಂದು ತಂಡದ ಹೊಸ ಆಡಳಿತವೇ ಆಮೇಲೆ ಹೇಳಿತು. ಅಲ್ಲಿಗೆ ಆ ಪ್ರಶ್ನೆ ಮುಗಿಯಿತು.

ಆಗ ಅವನಿಗೆ 29 ವರ್ಷ. ಕ್ವಾರ್ಟರ್‌ಬ್ಯಾಕ್‌ಗೆ ಅದು ನಡು ಹರೆಯ. ಅವತ್ತಿನಿಂದ ಇವತ್ತಿನವರೆಗೆ ಎನ್‌ಎಫ್‌ಎಲ್‌ನಲ್ಲಿ, ಅಂದರೆ ಅಲ್ಲಿನ ಈ ಫುಟ್‌ಬಾಲ್ ಲೀಗ್‌ನಲ್ಲಿ, ಒಂದೇ ಒಂದು ಪಂದ್ಯ ಆಡಿಲ್ಲ.

ಈ ಲೀಗ್‌ನ ವ್ಯವಸ್ಥೆ ಸ್ವಲ್ಪ ಅರ್ಥ ಮಾಡಿಕೊಳ್ಳಬೇಕು. 32 ತಂಡ. ಪ್ರತಿ ತಂಡದಲ್ಲಿ ಎರಡೋ ಮೂರೋ ಕ್ವಾರ್ಟರ್‌ಬ್ಯಾಕ್. ಅಂದರೆ ಇಡೀ ಪ್ರಪಂಚದಲ್ಲಿ ಈ ಕೆಲಸ ಇರುವುದು ಸುಮಾರು ತೊಂಬತ್ತು ಜನಕ್ಕೆ. ಮೆಸ್ಸಿಯ ಫುಟ್‌ಬಾಲ್‌ನಲ್ಲಿ ಇಂಗ್ಲೆಂಡ್ ಬೇಡ ಅಂದರೆ ಇಟಲಿ, ಇಟಲಿ ಬೇಡ ಅಂದರೆ ಟರ್ಕಿ. ಇಲ್ಲಿ ಆ ಮಟ್ಟದ ಇನ್ನೊಂದು ಲೀಗ್ ಎಲ್ಲೂ ಇಲ್ಲ. ಒಂದೇ ಊರು, ಒಂದೇ ಹೋಟೆಲು, 32 ಟೇಬಲ್ಲು. ಎಲ್ಲ ಟೇಬಲ್ಲಿನವರೂ ಬೇರೆ ಕಡೆ ನೋಡಿದರೆ ಹೊರಗೆ ಬರಬೇಕು, ಅಷ್ಟೆ.

ನಾನು ಓದುವಾಗ ನಮ್ಮ ಹಾಸ್ಟೆಲ್‌ನಲ್ಲಿ ಒಂದು ವಾಲಿಬಾಲ್ ತಂಡ ಇತ್ತು. ಅದರಲ್ಲಿ ಒಬ್ಬ ಒಳ್ಳೇ ಸ್ಮ್ಯಾಷರ್, ನಮ್ಮ ಸೀನಿಯರ್. ಟೂರ್ನಮೆಂಟಿನಲ್ಲಿ ಗೆದ್ದ ದುಡ್ಡು ಎಲ್ಲಿ ಹೋಯಿತು ಅಂತ ಮೆಸ್ಸಿನಲ್ಲಿ ಎಲ್ಲರ ಮುಂದೆ ಕೇಳಿಬಿಟ್ಟ. ಯಾರೂ ಬೈಯಲಿಲ್ಲ. ಮುಂದಿನ ವಾರ ಪ್ರಾಕ್ಟೀಸು ಸಂಜೆಯಿಂದ ಬೆಳಿಗ್ಗೆಗೆ ಹೋಯಿತು. ಅವನಿಗೆ ಹೇಳುವುದು ಎಲ್ಲರಿಗೂ ಮರೆತುಹೋಯಿತು, ನನಗೂ ಸೇರಿ. ಸಂಜೆ ಬಂದು, ಶೂ ಹಾಕಿಕೊಂಡು, ಕಟ್ಟದ ನೆಟ್ಟಿನ ಕಂಬದ ಹತ್ತಿರ ಕೂತಿರುತ್ತಿದ್ದ. ಕೊನೆಗೆ ಕೋಚ್‌ನನ್ನು ಕೇಳಿದ್ದಕ್ಕೆ ಅವರು, "ನಿನ್ನನ್ನು ಯಾರಪ್ಪಾ ತೆಗೆದಿದ್ದು? ಬಾರೋ!" ಅಂದರು. ಯಾವಾಗ ಅಂತ ಮಾತ್ರ ಹೇಳಲಿಲ್ಲ. ಹತ್ತಿರದವರ ಮದುವೆಗೆ ಕರೆಯೋಲೆ ಬರದಿದ್ದರೆ ಹೋಗಿ ಜಗಳ ಆಡೋಕಾಗುತ್ತಾ? "ಅಯ್ಯೋ, ಕೊಟ್ಟಿದ್ವಲ್ಲಾ, ಸಿಗಲಿಲ್ವಾ?" ಅಂದುಬಿಡುತ್ತಾರೆ.

2017ರಲ್ಲಿ ಸಿಯಾಟಲ್ ತಂಡದವರು ಕ್ಯಾಪರ್ನಿಕ್‌ನನ್ನು ಕರೆಸಿ ಮಾತಾಡಿದರು. ಕೋಚ್ ಪೀಟ್ ಕ್ಯಾರಲ್ ಹೊರಗೆ ಬಂದು ಹೇಳಿದ್ದೇನು ಗೊತ್ತಾ? ಈ ಲೀಗ್‌ನಲ್ಲಿ ಅವನು ಮುಖ್ಯ ಕ್ವಾರ್ಟರ್‌ಬ್ಯಾಕ್ ಆಗುವಂಥವನು, ನಮ್ಮಲ್ಲಿ ಈಗಾಗಲೇ ಒಬ್ಬ ಇದ್ದಾನೆ, ಅಂತ. ಹೊಗಳಿಯೇ ಹೊರಗೆ ಕಳಿಸಿದರು. ಬಾಲ್ಟಿಮೋರ್ ತಂಡದ ಮಾಲೀಕರು ಅಭಿಮಾನಿಗಳ ಮುಂದೆಯೇ, ಯೋಚನೆ ಮಾಡುತ್ತಿದ್ದೇವೆ, ನಮಗಾಗಿ ಪ್ರಾರ್ಥನೆ ಮಾಡಿ ಎಂದರು. ಗಾಯಗೊಂಡ ಆಟಗಾರನ ಜಾಗಕ್ಕೆ ಇನ್ನೊಬ್ಬನನ್ನು ತರುವುದಕ್ಕೆ ಪ್ರಾರ್ಥನೆ! ಸೆಪ್ಟೆಂಬರ್ 22ರಂದು ಅಲಬಾಮಾದ ಸಭೆಯಲ್ಲಿ ಅಧ್ಯಕ್ಷ ಟ್ರಂಪ್, ಮಂಡಿಯೂರುವವರನ್ನು ತಾಯಿ ಹೆಸರು ತಂದು ಬೈದು, ಮೈದಾನದಿಂದ ಎಳೆದುಹಾಕಿ ಎಂದರು. ಆ ಭಾನುವಾರ 200ಕ್ಕೂ ಹೆಚ್ಚು ಆಟಗಾರರು ಮಂಡಿಯೂರಿದರು ಅಥವಾ ಕೂತರು. ಅವರು ಮುಂದಿನ ವಾರವೂ ಆಡಿದರು. ಶುರು ಮಾಡಿದವನು ಮನೆಯಲ್ಲಿ ಟಿವಿ ಮುಂದೆ ಇದ್ದ.

ಅಕ್ಟೋಬರ್‌ನಲ್ಲಿ ದೂರು ಹಾಕಿದ. ತಂಡದ ಮಾಲೀಕರೆಲ್ಲ ಒಳಗೊಳಗೇ ಮಾತಾಡಿಕೊಂಡು ನನ್ನನ್ನು ಹೊರಗಿಟ್ಟಿದ್ದಾರೆ ಅಂತ. ಇಂಥ ದೂರು ಗೆಲ್ಲುವುದು ಬಹಳ ಕಷ್ಟ. ನನ್ನನ್ನು ತಗೊಳ್ಳಲಿಲ್ಲ ಅಂದರೆ ಸಾಲದು, ತಗೊಳ್ಳಬಾರದು ಅಂತ ಮಾತಾಗಿತ್ತು ಎನ್ನುವುದನ್ನು ತೋರಿಸಬೇಕು. 32 ಜನ ಬೇರೆಬೇರೆಯಾಗಿ, ತಮ್ಮ ತಮ್ಮ ಟಿಕೆಟ್ಟಿನ ಲೆಕ್ಕ, ಜಾಹೀರಾತಿನ ಲೆಕ್ಕ ಹಾಕಿ, ಒಂದೇ ಉತ್ತರಕ್ಕೆ ಬಂದರೆ ಅದು ಒಳ ಒಪ್ಪಂದವಲ್ಲ. ನನ್ನ ಅನುಮಾನ ಏನು ಅಂದರೆ, ಒಪ್ಪಂದದ ಅವಶ್ಯಕತೆಯೇ ಬಿದ್ದಿರಲಿಕ್ಕಿಲ್ಲ. ನಮ್ಮ ಹಾಸ್ಟೆಲ್‌ನಲ್ಲೂ ಯಾರೂ ಮೀಟಿಂಗ್ ಮಾಡಿರಲಿಲ್ಲ. ಆದರೂ ದೂರನ್ನು ವಜಾ ಮಾಡಿ ಎಂದು ಲೀಗ್ ಕೇಳಿದಾಗ ಮಧ್ಯಸ್ಥಗಾರರು ಒಪ್ಪಲಿಲ್ಲ, ಪೂರ್ತಿ ವಿಚಾರಣೆ ಆಗಲಿ ಎಂದರು. ಅದಾದ ಕೆಲವು ತಿಂಗಳಿಗೆ, 2019ರ ಫೆಬ್ರವರಿಯಲ್ಲಿ, ರಾಜಿಯಾಯಿತು. ಷರತ್ತುಗಳು ಗುಟ್ಟು. ದುಡ್ಡು ಬಂತು, ಕೆಲಸ ಬರಲಿಲ್ಲ.

ಇಲ್ಲಿ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್‌ನನ್ನು ತರಬೇಕು. ಮೈಕಲ್ ವಿಕ್. ಅಟ್ಲಾಂಟಾ ತಂಡದ ದೊಡ್ಡ ತಾರೆ. 2007ರಲ್ಲಿ ವರ್ಜೀನಿಯಾದ ಅವನ ಜಾಗದಲ್ಲಿ ನಾಯಿಕಾಳಗದ ದಂಧೆ ಸಿಕ್ಕಿಬಿತ್ತು. ಚೆನ್ನಾಗಿ ಕಾದಾಡದ ನಾಯಿಗಳನ್ನು ಕೊಲ್ಲುತ್ತಿದ್ದರು. ವಿವರ ಬೇಡ, ಊಟದ ಹೊತ್ತು. ತಪ್ಪೊಪ್ಪಿಕೊಂಡ. 23 ತಿಂಗಳ ಶಿಕ್ಷೆ. 2009ರ ಜುಲೈನಲ್ಲಿ ಶಿಕ್ಷೆ ಮುಗಿಯಿತು, ಅದೇ ತಿಂಗಳು ಲೀಗ್ ಷರತ್ತಿನ ಮೇಲೆ ವಾಪಸ್ ಸೇರಿಸಿಕೊಂಡಿತು, ಆಗಸ್ಟ್‌ನಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಕೆಲಸ ಕೊಟ್ಟಿತು. ಪ್ರತಿಭಟನೆ ಆಯಿತು, ತಂಡ ತಡೆದುಕೊಂಡಿತು. 2010ರಲ್ಲಿ ವರ್ಷದ ಅತ್ಯುತ್ತಮ ಪುನರಾಗಮನದ ಪ್ರಶಸ್ತಿ ಅವನಿಗೇ.

ವಿಕ್ ವಾಪಸಾದದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಶಿಕ್ಷೆ ಅನುಭವಿಸಿದ, ಬಂದ. ನೋಡಬೇಕಾದ್ದು ದಾರಿಯನ್ನು. ಅವನಿಗೆ ನ್ಯಾಯಾಧೀಶರಿದ್ದರು, ತಿಂಗಳುಗಳ ಲೆಕ್ಕವಿತ್ತು, ಬಿಡುಗಡೆಯ ದಿನವಿತ್ತು. ನಮ್ಮ ಶ್ರೀಶಾಂತ್ ವಿಷಯವನ್ನೇ ತಗೊಳ್ಳಿ. 2013ರಲ್ಲಿ ಬಿಸಿಸಿಐ ಆಜೀವ ನಿಷೇಧ ಹಾಕಿತು. ಕೋರ್ಟಿಗೆ ಹೋದ. 2019ರಲ್ಲಿ ಸುಪ್ರೀಂ ಕೋರ್ಟ್, ಶಿಕ್ಷೆಯ ಅವಧಿ ಮತ್ತೆ ಯೋಚಿಸಿ ಎಂದಿತು. ಅದು ಏಳು ವರ್ಷಕ್ಕೆ ಇಳಿದು 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. 2021ರ ಜನವರಿಯಲ್ಲಿ ಕೇರಳಕ್ಕೆ ಬೌಲಿಂಗ್ ಮಾಡುತ್ತಿದ್ದ. ನಿಷೇಧ ಕಾಗದದ ಮೇಲಿತ್ತು, ಆ ಕಾಗದ ಹಿಡಿದುಕೊಂಡು ಕೋರ್ಟಿಗೆ ಹೋಗಬಹುದಿತ್ತು. ಕ್ಯಾಪರ್ನಿಕ್ ಮೇಲೆ ನಿಷೇಧವೇ ಇರಲಿಲ್ಲ. ಇಲ್ಲದ ನಿಷೇಧ ಮುಗಿಯುವುದು ಯಾವತ್ತು?

ವಿಕ್ ಬಗ್ಗೆ ಇನ್ನೊಂದು ಮಾತು, ಮರೆಯೋ ಮೊದಲು. 2017ರ ಜುಲೈನಲ್ಲಿ ಟಿವಿಯಲ್ಲಿ ಕೂತು ಇವನಿಗೆ ಬುದ್ಧಿ ಹೇಳಿದ. ಏನಂತ? ಮೊದಲು ಆ ಗುಂಗುರು ಕೂದಲು ಕತ್ತರಿಸಿಕೊಳ್ಳಲಿ, ನೋಡುವ ಹಾಗೆ ಇರಲಿ ಅಂತ. ಕ್ಯಾಪರ್ನಿಕ್ ಬೈಯಲಿಲ್ಲ. ಸ್ಟಾಕ್‌ಹೋಮ್ ಸಿಂಡ್ರೋಮ್‌ನ ಅರ್ಥವಿವರಣೆಯನ್ನು ಟ್ವಿಟರ್‌ನಲ್ಲಿ ಹಾಕಿದ. ಒತ್ತೆ ಇಟ್ಟವರ ಮೇಲೇ ಒತ್ತೆಯಾಳಿಗೆ ಪ್ರೀತಿ ಹುಟ್ಟುತ್ತದಲ್ಲ, ಅದು. ವಿಕ್ ಆಮೇಲೆ ಕ್ಷಮೆ ಕೇಳಿದ.

ಈಗ ಅಟ್ಲಾಂಟಾದ ಆ ಶನಿವಾರ. 2019ರ ನವೆಂಬರ್ 16. ನನಗೆ ಈ ಇಡೀ ಕತೆಯಲ್ಲಿ ಮತ್ತೆ ಮತ್ತೆ ನೆನಪಾಗುವ ದಿನ ಇದು.

ಅದೇ ವಾರದ ಮಂಗಳವಾರ ಲೀಗ್‌ನಿಂದ ದಿಢೀರ್ ಸುದ್ದಿ: ಶನಿವಾರ ನಿನಗೆ ಟ್ರಯಲ್ಸ್ ಇಟ್ಟಿದ್ದೇವೆ, ಎಲ್ಲ ತಂಡಗಳನ್ನೂ ಕರೆಯುತ್ತೇವೆ, ಬರುತ್ತೀಯಾ? ಉತ್ತರ ಕೊಡಲು ಸಿಕ್ಕಿದ್ದು ಗಂಟೆಗಳ ಲೆಕ್ಕದ ಸಮಯ. ಅಲ್ಲಿ ಇಂಥ ಟ್ರಯಲ್ಸ್ ಸಾಮಾನ್ಯವಾಗಿ ನಡೆಯುವುದು ಮಂಗಳವಾರ. ಪಂದ್ಯಗಳು ಭಾನುವಾರ. ಶನಿವಾರ ಅಂದರೆ ಕೋಚು, ಮ್ಯಾನೇಜರು ಎಲ್ಲರೂ ವಿಮಾನದಲ್ಲೋ ಹೋಟೆಲಿನಲ್ಲೋ ಮಾರನೇ ದಿನದ ತಯಾರಿಯಲ್ಲಿ ಇರುತ್ತಾರೆ. ಮಂಗಳವಾರ ಇಡಿ ಎಂದು ಇವನ ಕಡೆಯವರು ಕೇಳಿದರು. ಆಗಲ್ಲ ಎಂದರು. ಮದುವೆ ದಿನವೇ ಹೆಣ್ಣಿನ ಮನೆಯವರನ್ನು ಇನ್ನೊಂದು ಸಂಬಂಧ ನೋಡಲು ಕರೆದಂತೆ.

ಜಾಗ, ಅಟ್ಲಾಂಟಾ ಫಾಲ್ಕನ್ಸ್ ತಂಡದ ಅಭ್ಯಾಸದ ಮೈದಾನ, ಫ್ಲವರಿ ಬ್ರಾಂಚ್ ಎಂಬಲ್ಲಿ. ಮಧ್ಯಾಹ್ನ ಮೂರಕ್ಕೆ. ಸುಮಾರು 25 ತಂಡಗಳು ಜನ ಕಳಿಸಲು ಒಪ್ಪಿದ್ದವು. ಕೊನೆ ಗಳಿಗೆಯಲ್ಲಿ ಎರಡು ತಕರಾರು. ಒಂದು, ಮುಚ್ಚಳಿಕೆ. ಗಾಯವಾದರೆ ನಾವು ಹೊಣೆಯಲ್ಲ ಅಂತ ಬರೆಸಿಕೊಳ್ಳುವುದು ಮಾಮೂಲು. ಇದರಲ್ಲಿ ಅದಕ್ಕಿಂತ ಜಾಸ್ತಿ ಇದೆ, ಮುಂದೆ ದಾವೆ ಹೂಡುವ ಹಕ್ಕೂ ಹೋಗುತ್ತದೆ ಎಂದು ಇವನ ವಕೀಲರು. ಎಂದಿನ ಮುಚ್ಚಳಿಕೆಯೇ ಅದು ಎಂದು ಲೀಗ್. ಎರಡು, ಪತ್ರಕರ್ತರು. ಅವರನ್ನು ಒಳಗೆ ಬಿಡಬೇಕು ಎಂದು ಇವನು, ಬಿಡುವುದಿಲ್ಲ ಎಂದು ಅವರು.

ಮೂರು ಗಂಟೆಗೆ ಇನ್ನು ಅರ್ಧ ಗಂಟೆ ಇದೆ ಎನ್ನುವಾಗ ಇವನ ಕಡೆಯವರು ಜಾಗವನ್ನೇ ಬದಲಾಯಿಸಿಬಿಟ್ಟರು. ರಿವರ್‌ಡೇಲ್‌ನ ಒಂದು ಹೈಸ್ಕೂಲು ಮೈದಾನ. 60 ಮೈಲಿ ದೂರ. ಬೆಂಗಳೂರಿನಲ್ಲಿ ಟ್ರಯಲ್ಸ್ ಅಂತ ಬಂದು ನಿಂತವರಿಗೆ, "ಮಂಡ್ಯಕ್ಕೆ ಬನ್ನಿ" ಎಂದ ಹಾಗೆ. ಕಾರು ಹತ್ತಿ ಅಷ್ಟು ದೂರ ಬಂದವರು ಏಳೆಂಟು ತಂಡದವರು. ಉಳಿದವರು ಮನೆಗೆ ಹೋದರು.

ಹೈಸ್ಕೂಲು ಮೈದಾನದಲ್ಲಿ ಅವನು ಕಪ್ಪು ಟೀ ಶರ್ಟಿನಲ್ಲಿ ಬಂದ. ಎದೆಯ ಮೇಲೆ "ಕುಂಟಾ ಕಿಂಟೆ" ಎಂದು ಬರೆದಿತ್ತು. ಅಮೆರಿಕದ ಪ್ರಸಿದ್ಧ ಕಾದಂಬರಿಯೊಂದರ ಗುಲಾಮನ ಹೆಸರದು. ಯಜಮಾನ ಇಟ್ಟ ಹೆಸರನ್ನು ಒಪ್ಪಿಕೊಳ್ಳದೆ ಚಾಟಿ ಏಟು ತಿಂದವನು. ಕೆಲಸ ಕೇಳಲು ಬಂದವನು ಕೆಲಸ ಕೊಡುವವರ ಮುಂದೆ ಹಾಕಿಕೊಳ್ಳುವ ಅಂಗಿಯಾ ಇದು? ಅವತ್ತು ಟಿವಿ ಚರ್ಚೆಗಳಲ್ಲಿ ಇದೇ ಪ್ರಶ್ನೆ. ಅವನಿಗೆ ಕೆಲಸ ಬೇಕಿರಲಿಲ್ಲ, ನಾಟಕ ಬೇಕಿತ್ತು ಅಂದವರೂ ಇದ್ದರು. ನಾನು ಬೇರೆ ಥರ ನೋಡುತ್ತೇನೆ. ಮೂರು ವರ್ಷ ಬಾಗಿಲು ತಟ್ಟಿ ಕಾದವನಿಗೆ, ಒಳಗೆ ಕರೆಯುವ ಇರಾದೆ ಇವರಿಗಿಲ್ಲ ಅಂತ ಆ ಹೊತ್ತಿಗೆ ಅರ್ಥವಾಗಿತ್ತು. ಆದರೂ ಜಾಗ ಬದಲಾಯಿಸಿದ್ದು ಅವನಿಗೇ ಮುಳುವಾಯಿತು ಅನ್ನುವುದನ್ನು ನಾನು ಒಪ್ಪುತ್ತೇನೆ. ನೆಪ ಹುಡುಕುತ್ತಿದ್ದವರ ಕೈಗೆ ನೆಪ ಕೊಟ್ಟ.

ಸುಮಾರು ನಲವತ್ತು ನಿಮಿಷ ಎಸೆದ. ಚೆಂಡು ಹಿಡಿಯಲು ತಾನೇ ನಾಲ್ಕು ಜನರನ್ನು ಕರೆದುಕೊಂಡು ಬಂದಿದ್ದ. ನೇರ ಪ್ರಸಾರ ಇತ್ತು, ನಾನು ಆಮೇಲೆ ನೋಡಿದೆ. ಉದ್ದ ಎಸೆತಗಳು ಚೆನ್ನಾಗಿದ್ದವು. ತೋಳಿನ ಬಲ ಹಾಗೇ ಇತ್ತು. ಆದರೆ ಮೈಮೇಲೆ ಬೀಳಲು ಯಾರೂ ಇಲ್ಲದಾಗ ಎಸೆದ ಚೆಂಡಿನಿಂದ ಕ್ವಾರ್ಟರ್‌ಬ್ಯಾಕ್‌ನನ್ನು ಅಳೆಯಲಾಗುವುದಿಲ್ಲ, ನೆಟ್ಸ್‌ನಲ್ಲಿ ಎಲ್ಲರೂ ಬ್ಯಾಟ್ಸ್‌ಮನ್ನೇ. ಮುಗಿದ ಮೇಲೆ ಬೇಲಿಯಾಚೆ ನಿಂತಿದ್ದ ಜನರ ಹತ್ತಿರ ಹೋಗಿ ಸಹಿ ಹಾಕಿಕೊಟ್ಟ. ಪತ್ರಕರ್ತರಿಗೆ ಹೇಳಿದ್ದು ಚಿಕ್ಕ ಮಾತು: ನಾನು ಮೂರು ವರ್ಷದಿಂದ ತಯಾರಿದ್ದೇನೆ, ಮೂರು ವರ್ಷದಿಂದ ನನಗೆ ಅವಕಾಶ ಕೊಟ್ಟಿಲ್ಲ, ಈಗ ಆ 32 ಮಾಲೀಕರು ಓಡಿಹೋಗುವುದನ್ನು ನಿಲ್ಲಿಸಲಿ.

ಯಾವ ತಂಡವೂ ಅವನನ್ನು ಸೇರಿಸಿಕೊಳ್ಳಲಿಲ್ಲ.

ದುಡ್ಡಿನ ಪ್ರಶ್ನೆ ಕೇಳುವವರು ಯಾವಾಗಲೂ ಇರುತ್ತಾರೆ. ಹೌದು, 2018ರಲ್ಲಿ ನೈಕಿ ಕಂಪನಿ ಅವನ ಮುಖವನ್ನು ದೊಡ್ಡ ಜಾಹೀರಾತು ಮಾಡಿತು. ಒಂದು ತಂಡವೂ ಇಲ್ಲದ ಆಟಗಾರ ಶೂ ಮಾರಿಸುತ್ತಿದ್ದ. ಬಡವನೇನೂ ಆಗಲಿಲ್ಲ. ಆದರೆ ಅವನು ಪ್ರತಿ ವರ್ಷ ಕೇಳಿದ್ದು ಚೆಂಡನ್ನು. ಇದನ್ನು ಆಟ ಆಡಿದವರು ಬೇಗ ಅರ್ಥ ಮಾಡಿಕೊಳ್ಳುತ್ತಾರೆ.

2020ರ ಮೇ 25, ಮಿನಿಯಾಪೊಲಿಸ್. ಜಾರ್ಜ್ ಫ್ಲಾಯ್ಡ್ ಕುತ್ತಿಗೆಯ ಮೇಲೆ ಪೊಲೀಸನ ಮಂಡಿ. ಅದೇ ಮಂಡಿ, ಬೇರೆ ಕೆಲಸಕ್ಕೆ. ಜೂನ್ 5ಕ್ಕೆ ಲೀಗ್‌ನ ಕಮಿಷನರ್ ರೋಜರ್ ಗುಡೆಲ್ ವಿಡಿಯೋ ಮಾಡಿ, ಆಟಗಾರರ ಮಾತನ್ನು ಮೊದಲೇ ಕೇಳದೆ ಇದ್ದದ್ದು ನಮ್ಮ ತಪ್ಪು ಎಂದರು. ಆ ವಿಡಿಯೋದಲ್ಲಿ ಕ್ಯಾಪರ್ನಿಕ್ ಹೆಸರೇ ಇಲ್ಲ. ಮಾತು ಸರಿ, ಆಡಿದವನು ಮಾತ್ರ ಬೇಡ. 2022ರ ಮೇ ತಿಂಗಳಲ್ಲಿ ಲಾಸ್ ವೇಗಾಸ್ ರೈಡರ್ಸ್ ಕರೆದು ಒಂದು ದಿನ ಎಸೆಸಿ ನೋಡಿತು. ಅಲ್ಲಿಂದಲೂ ಬರಿಗೈ.

ಕೊನೆಗೆ 2023ರ ಸೆಪ್ಟೆಂಬರ್. ನ್ಯೂಯಾರ್ಕ್ ಜೆಟ್ಸ್ ತಂಡ ಭಾರೀ ಆಸೆಯಿಂದ ತಂದಿದ್ದ ಕ್ವಾರ್ಟರ್‌ಬ್ಯಾಕ್ ಆರನ್ ರಾಜರ್ಸ್, ಮೊದಲ ಪಂದ್ಯದಲ್ಲಿ ನಾಲ್ಕನೇ ಸಲ ಚೆಂಡು ಕೈಗೆ ಬಂದಾಗಲೇ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡ. ಕ್ಯಾಪರ್ನಿಕ್ ಆ ತಂಡಕ್ಕೊಂದು ಕಾಗದ ಬರೆದ. ಗಾಯಕ ಜೆ. ಕೋಲ್ ಅದನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಿದ. ಅವನು ಕೇಳಿದ್ದು ಮುಖ್ಯ ಜಾಗವನ್ನಲ್ಲ. ಅಭ್ಯಾಸ ತಂಡದಲ್ಲಿ ಒಂದು ಜಾಗ.

ಅಭ್ಯಾಸ ತಂಡ ಅಂದರೆ ಏನು ಅಂತ ಹೇಳಬೇಕು. ಅದರಲ್ಲಿರುವ ಕ್ವಾರ್ಟರ್‌ಬ್ಯಾಕ್ ಭಾನುವಾರ ಆಡುವುದು ಅಪರೂಪ. ವಾರವಿಡೀ ಅವನ ಕೆಲಸ, ಮುಂದಿನ ಎದುರಾಳಿ ತಂಡದ ಕ್ವಾರ್ಟರ್‌ಬ್ಯಾಕ್‌ನಂತೆ ನಟಿಸುವುದು. ಈ ವಾರ ಕ್ಯಾನ್ಸಸ್ ಸಿಟಿಯವನ ಹಾಗೆ ಓಡು, ಮುಂದಿನ ವಾರ ಡೆನ್ವರ್‌ನವನ ಹಾಗೆ ಎಸೆ. ನಮ್ಮ ರಕ್ಷಣೆಯ ಹುಡುಗರು ನಿನ್ನನ್ನು ನೋಡಿ ಕಲಿಯಲಿ. ಸೂಪರ್ ಬೌಲ್ ಆಡಿದ್ದವನು, 35ನೇ ವಯಸ್ಸಿನಲ್ಲಿ, ಆ ಕೆಲಸ ಸಿಕ್ಕರೆ ಗೌರವ ಎಂದು ಬರೆದಿದ್ದ. ನಿಮಗೆ ಇದರಿಂದ ಯಾವ ಅಪಾಯವೂ ಇಲ್ಲ ಎಂದೂ ಬರೆದಿದ್ದ.

ಕಾಗದ ಹೊರಬಂದ ದಿನವೇ ಜೆಟ್ಸ್ ತಂಡ ತನ್ನ ಅಭ್ಯಾಸ ತಂಡಕ್ಕೆ ಒಬ್ಬ ಕ್ವಾರ್ಟರ್‌ಬ್ಯಾಕ್‌ನನ್ನು ತೆಗೆದುಕೊಂಡಿತು. ಅವನ ಹೆಸರು ಟ್ರೆವರ್ ಸೀಮಿಯನ್.